ಸಗಣಿ ಗ್ಯಾಸಿನ ಒಲೆ ಮತ್ತು ನನ್ನಾಕೆಯ ಬೈಗುಳ

ನನ್ನ ಹೆಂಡತಿ ನನ್ನನ್ನು ಬೈಯುವುದನ್ನು ಕೇಳೋಕೇ ಅಂತ ಹುಣಸೂರಿನ ನಮ್ಮ ಹೋಟೆಲಿಗೆ ಬರುವವರಿದ್ದರು. ಸುಳ್ಳಲ್ಲ. ಮಡಿಕೇರಿ ಕಡೆಯ ಬಸ್ಸು ನಿಲ್ಲುವ ಜಾಗದ ಎದುರಿಗೇ ಹೋಟೆಲು. ಮುಂದೆ ಗಲ್ಲಾದಲ್ಲಿ ನಾನು, ಹಿಂದೆ ಅಡುಗೆಮನೆಯಲ್ಲಿ ಅವಳು, ನಡುವೆ ಒಂದು ಕಿಟಕಿ. ಆ ಕಿಟಕಿಯಿಂದ ಇಡ್ಲಿ ತಟ್ಟೆಯ ಜೊತೆ ಬೈಗುಳವೂ ಬರುತ್ತಿತ್ತು. ನಾನು ತಂದ ತೆಂಗಿನಕಾಯಿ ಎಳಸು ಅನ್ನುವಲ್ಲಿಂದ ಹೊರಟರೆ, ನಮ್ಮಪ್ಪ ಹೆಣ್ಣು ನೋಡೋಕೆ ಬಂದಾಗ ಮೆಟ್ಟಿಕೊಂಡಿದ್ದ ಹರಕಲು ಚಪ್ಪಲಿಯವರೆಗೆ ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುವಳು. ಬಸ್ಸಿನ ಕಂಡಕ್ಟರು ಸೀಟಿ ಊದದೆ ನಿಂತು ಕೇಳುತ್ತಿದ್ದ. ಮೇಲೆ ಸಿಡುಕಿದರೂ ನನಗೆ ಒಳಗೊಳಗೇ ಹೆಮ್ಮೆ. ಅಷ್ಟು ಚೆಂದವಾಗಿ ಬೈಸಿಕೊಳ್ಳುವ ಗಂಡ ಇಡೀ ಹುಣಸೂರಿನಲ್ಲಿ ಇನ್ನೊಬ್ಬನಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಆಚೀಚೆಗೆ ಆ ಬೈಗುಳ ತುಂಡಾಗತೊಡಗಿತು. "ಈ ಕಾಯಿ... ನಿಮ್ಮ ಕಣ್ಣಿಗೆ..." ಅನ್ನುವಳು, ಎದೆ ಹಿಡಿದುಕೊಂಡು ಕೆಮ್ಮುವಳು, ಮುಂದಿನ ಮಾತು ಅಲ್ಲೇ ಉಳಿದುಬಿಡುತ್ತಿತ್ತು. ಮೊದಲು ನೆಗಡಿ ಅಂದುಕೊಂಡೆವು. ಆಮೇಲೆ ಕಷಾಯ ಆಯಿತು, ಹರಕೆ ಆಯಿತು, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಅವಳನ್ನು ಆಚೆ ಕೂರಿಸಿ ನನಗೆ ಹೇಳಿದರು. "ಎದೆಯೆಲ್ಲ ಹೊಗೆ ತುಂಬಿದೆ ಕಣ್ರೀ. ಇನ್ನೊಂದು ಮಳೆಗಾಲ ಆ ಒಲೆ ಮುಂದೆ ಕೂತರೆ ನನ್ನ ಕೈಲಿ ಏನೂ ಆಗಲ್ಲ."

ಮಳೆಗಾಲ ಅಂದದ್ದು ಯಾಕೆ ಅಂತ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮಗೆ ಸೌದೆ ಬರುತ್ತಿದ್ದುದು ಹೆಗ್ಗಡದೇವನಕೋಟೆ ಕಡೆಯಿಂದ, ಗಾಡಿಯಲ್ಲಿ. ನಮ್ಮ ಸುತ್ತ ಹೊಗೆಸೊಪ್ಪಿನ ಬೇಸಾಯ ಜೋರಾಗಿ, ಸೊಪ್ಪು ಬೇಯಿಸುವ ಬ್ಯಾರನ್ನುಗಳು ಊರೂರಲ್ಲಿ ಎದ್ದ ಮೇಲೆ ಒಳ್ಳೆ ಒಣಸೌದೆಯೆಲ್ಲ ಅಲ್ಲಿಗೆ ಹೋಗುತ್ತಿತ್ತು. ಹೋಟೆಲಿನವರಿಗೆ ಉಳಿದದ್ದು ಹಸಿ ಕೊಂಬೆ, ಮಳೆಗಾಲದಲ್ಲಿ ನೆಂದ ತೊಗಟೆ. ಸೀಮೆಎಣ್ಣೆಗೆ ಕ್ಯೂ. ಸಿಲಿಂಡರ್ ಗ್ಯಾಸು ಮೈಸೂರಿನ ದೊಡ್ಡವರ ಮನೆಗಳಲ್ಲಿ ಇದೆ ಅಂತ ಕೇಳಿದ್ದೆವು, ಕಂಡಿರಲಿಲ್ಲ.

ಅಡುಗೆಯವನೊಬ್ಬನನ್ನು ಇಟ್ಟೆ. ಅವನ ಬಸ್ಸಾರು ಉಂಡ ಗಿರಾಕಿಗಳು ನನ್ನ ಮುಖ ನೋಡಿದರು. ಅವಳೂ ಒಂದು ತುತ್ತು ಬಾಯಿಗಿಟ್ಟು, ಅವನನ್ನು ರುಬ್ಬೋಕೆ ಕೂರಿಸಿ, ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಹೋದಳು. "ಏಳೇ ಮಾರಾಯ್ತಿ, ಡಾಕ್ಟರು ಹೇಳಿದ್ದು ಮರೆತೆಯಾ" ಅಂತ ನಾನು ಕೂಗಾಡಿದೆ. "ಹೋಟ್ಲು ಮುಚ್ಚಿ... ಏನು ತಿನ್ನಾನ?" ಅಂದಳು. ನಾನು ಗಲ್ಲಾಕ್ಕೆ ಹೋಗಿ ಕೂತೆ.

ಅಂಥ ದಿನಗಳಲ್ಲೇ ಅವರೆಕಾಯಿ ಕೊಳ್ಳೋಕೆ ಗಾವಡಗೆರೆಯ ಒಬ್ಬ ರೈತರ ಮನೆಗೆ ಹೋಗಿದ್ದೆ. ಕಾಫಿ ಕುಡಿದು ಹೋಗಿ ಅಂತ ಒಳಗೆ ಕೂರಿಸಿದರು. ಅಡುಗೆಮನೆಯ ಗೋಡೆ ಬೆಳ್ಳಗಿತ್ತು. ಅಡುಗೆಮನೆಗೂ ಬಿಳಿ ಗೋಡೆ ಇರಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಒಂದು ಸಣ್ಣ ಕಬ್ಬಿಣದ ಒಲೆ, ಅದರಲ್ಲಿ ನೀಲಿ ಉರಿ, ಸೌದೆಯೂ ಇಲ್ಲ ಬೂದಿಯೂ ಇಲ್ಲ. ಏನು ಅಂತ ಕೇಳಿದರೆ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ನೆಲದಲ್ಲಿ ಬಾವಿಯಂಥ ಗುಂಡಿ, ತುಂಬ ಸಗಣಿ ಕದಡಿದ ನೀರು, ಅದರ ಮೇಲೆ ಮಗುಚಿ ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸು ಹುಟ್ಟಿದ ಹಾಗೆ ಡ್ರಮ್ಮು ಮೇಲೇಳುತ್ತೆ, ಒಲೆ ಉರಿದ ಹಾಗೆ ಇಳಿಯುತ್ತೆ, ಗುಂಡಿಗೆ ಸರ್ಕಾರದ ಸಹಾಯಧನ ಇದೆ ಅಂದರು. ಅವರೆಕಾಯಿ ಅಲ್ಲೇ ಬಿಟ್ಟು ಹುಣಸೂರಿಗೆ ಓಡಿದೆ.

ಸರ್ಕಾರಿ ಕಚೇರಿಯಲ್ಲಿ ಕೇಳಿದ ಮೊದಲ ಮಾತೇ "ಜಮೀನು ಎಷ್ಟು, ದನ ಎಷ್ಟು" ಅಂತ. ಎರಡೂ ಇಲ್ಲ ಅಂದೆ. "ಹಂಗಾದ್ರೆ ಇಲ್ಲ. ಹೋಟ್ಲಿನವ್ರಿಗೆ ಬರಲ್ಲ. ರೂಲ್ಸು ಬೆಂಗಳೂರಿಂದು, ಅಲ್ಲೇ ಕೇಳಿ." ನನಗೆ ಮೂಗಿನ ತುದಿಯಲ್ಲೇ ಕೋಪ, ಆ ಕಚೇರಿಯ ಮೆಟ್ಟಿಲ ಮೇಲೆ ನಿಂತು ಏನೇನೋ ಕೂಗಿ ಬಂದೆ. ಯಾರಿಗೂ ಏನೂ ಆಗಲಿಲ್ಲ.

ಪಿರಿಯಾಪಟ್ಟಣದಲ್ಲಿ ಹೋಟೆಲು ಇಟ್ಟಿದ್ದ ನನ್ನ ಗೆಳೆಯ ಇದ್ದ. ದಢೂತಿ ಮನುಷ್ಯ, ನಕ್ಕರೆ ಕೂತ ಬೆಂಚು ಅಲ್ಲಾಡುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಕಡೆಯ ಹೋಟೆಲಿನವರ ಸಂಘಕ್ಕೆ ಅವನೇ ಅಧ್ಯಕ್ಷ. ಸಂಘ ಅಂದರೆ ಸಕ್ಕರೆ ಕೋಟಾಕ್ಕೆ ಗಲಾಟೆ ಮಾಡುವುದು, ಆಮೇಲೆ ಬೋಂಡ ತಿನ್ನುವುದು, ಅಷ್ಟೇ. ಬೆಂಗಳೂರಿಗೆ ಹೋಗಿ ನನಗೊಂದು ಗುಂಡಿ ಕೊಡಿ ಅಂತ ಕೇಳ್ತೀನಿ ಅಂದೆ. ಅವನು ನಗಲಿಲ್ಲ.

"ನಿನಗೊಬ್ಬನಿಗೇ ಕೇಳಿದ್ರೆ ಬೇಡ್ಕೊಂಡಂಗೆ ಕಣ್ಲಾ," ಅಂದ. "ರೂಲ್ಸು ಬದಲಾಯ್ಸಿ, ಎಲ್ಲಾ ಹೋಟ್ಲಿಗೂ ಕೊಡಿ ಅಂತ ಕೇಳಾನ. ನನ್ನ ಅಡುಗೆಮನೇಲೂ ನಮ್ಮವ್ವ ಕೆಮ್ತಾ ಕೂತವ್ಳೆ, ನೀನೊಬ್ನೇ ಏನು ಹೊಗೆಗೆ ಗುತ್ತಿಗೆ ತಗೊಂಡಿದ್ದೀಯಾ?"

ಕೆ.ಆರ್. ನಗರದಲ್ಲಿ ಸಂಘ ಸೇರಿತು. ಸಗಣಿ ಬೆಂಕಿಯಲ್ಲಿ ಕಾಯಿಸಿದ ಕಾಫಿ ಯಾರು ಕುಡೀತಾರೆ ಅಂತ ಒಬ್ಬರು ರೇಗಿದರು. ಸಂಘದ ಹಿರಿಯರೊಬ್ಬರು, ಅವರದು ಮಡಿ ಹೋಟೆಲು, "ಗೋಮಯ ಕಣಯ್ಯಾ, ಅದಕ್ಕಿಂತ ಮಡಿ ಯಾವುದಿದೆ? ನಿನ್ನ ಸೌದೆ ಮೇಲೆ ಯಾವ ನಾಯಿ ಏನು ಮಾಡಿ ಬಂದಿದೆಯೋ" ಅಂದರು. ಅಲ್ಲಿಗೆ ವಾದ ಮುಗಿಯಿತು.

ನಾನೂ ಗೆಳೆಯನೂ ಬೆಂಗಳೂರಿಗೆ ಹೋದೆವು. ವಿಧಾನಸೌಧದ ಮೊಗಸಾಲೆಯಲ್ಲಿ ಕಾದು ಕಾದು ಕಾಲು ಸೋತಿತು. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಒಳಗೆ ಕರೆದರು. ಗೆಳೆಯ ಹದವಾಗಿಯೇ ಶುರು ಮಾಡಿದ. ನಾಲ್ಕು ತಾಲ್ಲೂಕಿನ ಹೋಟೆಲುಗಳಿಗೆ ದಿನಾ ಇಷ್ಟಿಷ್ಟು ಗಾಡಿ ಸೌದೆ ಬೇಕು, ಅದೆಲ್ಲ ಕಾಡಿನಿಂದಲೇ ಬರಬೇಕು, ಒಂದು ಕೈಯಲ್ಲಿ ಕಾಡು ಉಳಿಸಿ ಅಂತೀರಿ, ಇನ್ನೊಂದು ಕೈಯಲ್ಲಿ ನಮ್ಮನ್ನು ಕಾಡಿಗೇ ಕಳಿಸ್ತೀರಿ ಅಂದ. ಅವರು ಪೆನ್ನು ತಿರುಗಿಸುತ್ತಾ, "ನೀವು ಹೇಳೋದು ಸರಿ. ಆದರೆ ನೀವು ವ್ಯಾಪಾರಸ್ಥರು. ಈ ಯೋಜನೆ ರೈತರಿಗೆ" ಅಂದರು.

ನನ್ನ ಪಿತ್ತ ನೆತ್ತಿಗೇರಿತು. "ಹೊಗೆಗೆ ಗೊತ್ತಾಗುತ್ತಾ ಸಾರ್, ಇವಳು ರೈತನ ಹೆಂಡ್ತಿ, ಇವಳು ಹೋಟ್ಲಿನವನ ಹೆಂಡ್ತಿ ಅಂತ?" ಅಂದುಬಿಟ್ಟೆ. ಗೆಳೆಯ ನನ್ನ ಕಾಲು ತುಳಿದ. ನಾನು ನಿಲ್ಲಿಸಲಿಲ್ಲ, ಡಾಕ್ಟರು ಅಂದದ್ದನ್ನೂ ಹೇಳಿದೆ.

ಅಧಿಕಾರಿ ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟು ಹೇಳಿದರು. "ಹೋಟೆಲಿನಂಥ ಕಡೆ ಇದು ನಡೆಯುತ್ತೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಉದಾಹರಣೆ ಇಲ್ಲ. ನಿಮ್ಮ ಸಂಘದವರೇ ಒಂದು ಕಟ್ಟಿ. ಯುಗಾದಿ ಆದಮೇಲೆ ನಮ್ಮ ಸಮಿತಿ ನಿಮ್ಮ ಕಡೆ ಬರುತ್ತೆ, ನಾನೇ ಕರಕೊಂಡು ಬರ್ತೀನಿ. ಉರಿದರೆ ರೂಲ್ಸು ಬದಲಾಯಿಸೋಕೆ ಬರೀತೀನಿ."

ಸಂಘದವರು ಕೈಲಾದಷ್ಟು ಹಾಕಿದರು. ನಮ್ಮ ಹಿತ್ತಲಲ್ಲಿ ಗುಂಡಿ ತೋಡಿದ್ದಾಯಿತು. ಕೆ.ಆರ್. ನಗರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಡ್ರಮ್ಮು ಲಾರಿಯಲ್ಲಿ ಬಂದ ದಿನ ಬಸ್ಸು ಬಿಟ್ಟು ಜನ ನೋಡೋಕೆ ನಿಂತರು. ಇನ್ನು ಸಗಣಿ. ಅದಕ್ಕೆ ನನ್ನಾಕೆಯೇ ದಾರಿ ಮಾಡಿದಳು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿದ ನಮ್ಮ ಹೋಟೆಲಿನ ಕಲಗಚ್ಚನ್ನು ಬೀದಿಯ ದನ ಸಾಕಿದವರು ಒಯ್ಯುತ್ತಿದ್ದರು. ಇನ್ನು ಮೇಲೆ ಒಂದು ಬಕೆಟ್ ಕಲಗಚ್ಚಿಗೆ ಒಂದು ಬಕೆಟ್ ಸಗಣಿ ಅಂದಳು. ಎಲ್ಲರೂ ಒಪ್ಪಿದರು. ಮಂಗಳವಾರ, ಶುಕ್ರವಾರ ಮಾತ್ರ ಕೊಡುತ್ತಿರಲಿಲ್ಲ, ಅವತ್ತು ಸಗಣಿ ಹೊಸಿಲು ದಾಟಿದರೆ ಲಕ್ಷ್ಮಿ ದಾಟಿದ ಹಾಗೆ. ಉಳಿದ ದಿನಗಳದ್ದರಲ್ಲಿ ಸರಿದೂಗುತ್ತಿತ್ತು.

ಗುಂಡಿ ತುಂಬಿಸಿ ವಾರಗಟ್ಟಲೆ ಕಾದೆವು. ಶಿವರಾತ್ರಿ ಕಳೆದ ಮೇಲೆ ಡ್ರಮ್ಮು ಒಂದಿಷ್ಟು ಎದ್ದಿತು. ಕಡ್ಡಿ ಗೀರಿದೆ. ನೀಲಿ ಉರಿ! ನಾನು ಸಣ್ಣ ಹುಡುಗನ ಹಾಗೆ ಕುಣಿದೆ. ಅವಳು ಬಂದು ನೋಡಿದಳು, ಉರಿ ಸಣ್ಣದಾಯಿತು ಅನ್ನಿಸಿತೋ ಏನೋ, ವರ್ಷಾನುವರ್ಷದ ಅಭ್ಯಾಸ, ಊದುಗೊಳವೆ ತಗೊಂಡು ಉಫ್ ಅಂತ ಊದಿ ಆರಿಸಿಯೇಬಿಟ್ಟಳು. ಇಬ್ಬರೂ ನಕ್ಕು ನಕ್ಕು, ಅವಳಿಗೆ ಕೆಮ್ಮು ಬಂದು, ಕೂರಿಸಿ ನೀರು ಕೊಡಬೇಕಾಯಿತು. ಅಷ್ಟು ಗ್ಯಾಸು ಒಂದು ಪಾತ್ರೆ ಹಾಲಿಗೆ ಸಾಕಾಗುತ್ತಿತ್ತು ಅಷ್ಟೇ. ಸಮಿತಿಯವರು ಬರುವವರೆಗೆ ಕೂಡಿಡೋಣ ಅಂತ ಮುಟ್ಟದೆ ಬಿಟ್ಟೆವು.

ಯುಗಾದಿ ಹತ್ತಿರ ಬಂತು. ಹಬ್ಬಕ್ಕೆ ಮನೆ, ಅಂಗಳ ಎಲ್ಲ ಸಾರಿಸಬೇಕಲ್ಲ, ಬೀದಿಯ ಸಗಣಿಯೆಲ್ಲ ಅವರವರ ಮನೆಗೇ ಸಾಲದಾಯಿತು. ಮೇಲೆ ಶುಕ್ರವಾರ ಬಂತು, ಅಮಾವಾಸ್ಯೆ ಬಂತು, ಹಬ್ಬ ಬಂತು. ಬೇಡಿದರೂ ಒಂದು ಹಿಡಿ ಸಗಣಿ ಹುಟ್ಟಲಿಲ್ಲ. ಹಬ್ಬದ ಮಾರನೇ ದಿನವೇ ಸಮಿತಿಯವರು ಬರುವವರು. ಡ್ರಮ್ಮು ನೋಡಿದರೆ ಎದ್ದಷ್ಟಕ್ಕೇ ನಿಂತಿತ್ತು.

ಗೆಳೆಯ ಗುಂಡಿ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಹಳ ಯೋಚನೆ ಮಾಡಿದ. "ಅಲ್ಲಾ ಕಣ್ಲಾ, ದನ ಏನು ತಿನ್ತದೆ? ನಮ್ಮ ಕಲಗಚ್ಚು. ಅದನ್ನೇ ತಿಂದು ತಾನೆ ಸಗಣಿ ಹಾಕೋದು? ಹಂಗಾದ್ರೆ ನಡುವೆ ದನ ಯಾಕೆ ಬೇಕು? ದಲ್ಲಾಳಿ ಇಲ್ಲದೇ ನೇರವಾಗಿ ಗುಂಡಿಗೇ ಹಾಕಾನ ಬುಡು."

ವ್ಯಾಪಾರದವರ ತಲೆಗೆ ಇದಕ್ಕಿಂತ ರುಚಿಯಾದ ಮಾತು ಇನ್ನೊಂದಿಲ್ಲ. ದಲ್ಲಾಳಿಯನ್ನು ತಪ್ಪಿಸಿದ್ದೇವೆ ಅಂತ ಎಲ್ಲರಿಗೂ ಖುಷಿಯೋ ಖುಷಿ. ಸಂಘದವರಿಗೆ ಸುದ್ದಿ ಹೋಯಿತು. ಹಬ್ಬದ ದಿನ ಕೆ.ಆರ್. ನಗರದಿಂದ ಒಬ್ಬಟ್ಟಿನ ಕಟ್ಟು, ಪಿರಿಯಾಪಟ್ಟಣದಿಂದ ಹುಳಿ ಬಂದ ದೋಸೆ ಹಿಟ್ಟು, ನಮ್ಮದು ಗಂಜಿ, ಮಿಕ್ಕ ಅನ್ನ, ಎಲ್ಲ ಕೊಡಗಟ್ಟಲೆ ಬಂದು ಗುಂಡಿಗೆ ಬಿದ್ದವು. ಸಂಜೆಗೇ ಡ್ರಮ್ಮು ಏಳತೊಡಗಿತು. ಬೆಳಗಾಗುವಷ್ಟರಲ್ಲಿ ಯಾವತ್ತೂ ಎದ್ದಿರದಷ್ಟು ಮೇಲೆದ್ದು ನಿಂತಿತ್ತು. ನಾವು ಅದಕ್ಕೆ ಮಾವಿನ ತೋರಣ ಕಟ್ಟಿ, ಕುಂಕುಮ ಇಟ್ಟೆವು.

ಜೀಪು ಬಂತು. ಹಿರಿಯ ಅಧಿಕಾರಿ, ಒಬ್ಬ ಇಂಜಿನಿಯರು, ಇನ್ನೂ ಇಬ್ಬರು. ಡ್ರಮ್ಮು ನೋಡಿ ಇಂಜಿನಿಯರು ಹುಬ್ಬೇರಿಸಿದರು. ಎಲ್ಲರನ್ನೂ ಅಡುಗೆಮನೆಯಲ್ಲೇ ಬೆಂಚು ಹಾಕಿ ಕೂರಿಸಿದೆ, ಅವರ ಕಣ್ಣೆದುರೇ ಸಗಣಿ ಗ್ಯಾಸಿನಲ್ಲಿ ಕಾಫಿ ಮಾಡಿ ಕೊಡಬೇಕು ಅಂತ. ನನ್ನಾಕೆ ಹೊಸ ಸೀರೆ ಉಟ್ಟು ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ತಿರುಪು ತಿರುಗಿಸಿದೆ. ಬುಸ್ಸ್ ಅಂತ ಗ್ಯಾಸು ಬಂತು. ಕಡ್ಡಿ ಗೀರಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ. ಅದೂ ಆರಿತು. ಗೆಳೆಯ ಗೀರಿದ, ಮಡಿ ಹೋಟೆಲಿನ ಹಿರಿಯರು ದೇವರ ಹೆಸರು ಹೇಳಿ ಗೀರಿದರು. ಪೆಟ್ಟಿಗೆ ಖಾಲಿಯಾಯಿತು. ಗ್ಯಾಸು ಬುಸುಗುಡುತ್ತಲೇ ಇತ್ತು, ಉರಿ ಮಾತ್ರ ಹಿಡಿಯಲೊಲ್ಲದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸೋಕಾಗುತ್ತಾ? ನನ್ನಾಕೆ ಹಾಲಿನ ಪಾತ್ರೆಯನ್ನು ಆ ಒಲೆಯಿಂದ ಎತ್ತಿ, ಪಕ್ಕದ ಹಳೇ ಸೌದೆ ಒಲೆ ಮೇಲೆ ಇಟ್ಟಳು. ಕೊಂಬೆ ಒಟ್ಟಿ, ಬೆಂಕಿ ಮಾಡಿ, ಊದುಗೊಳವೆ ಹಿಡಿದು ಕೂತಳು. ಹೊಗೆ ಎದ್ದಿತು. ಮೊದಲು ಸೂರಿಗೆ ಹೋಯಿತು, ಆಮೇಲೆ ಕೆಳಗಿಳಿದು ಬೆಂಚಿನವರ ಮುಖಕ್ಕೆ ಬಂತು. ಒಬ್ಬರು ಕರವಸ್ತ್ರ ತೆಗೆದರು, ಇನ್ನೊಬ್ಬರು ಎದ್ದು ಹೊರಗೆ ಓಡಿದರು. ಇಂಜಿನಿಯರು ಕೆಮ್ಮುತ್ತಾ ಅವರ ಹಿಂದೆ ಹೋದರು. ಹಿರಿಯ ಅಧಿಕಾರಿ ಮಾತ್ರ ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತೇ ಇದ್ದರು. ಅವಳು ಊದುವುದು, ಕೆಮ್ಮುವುದು, ನೆಲಕ್ಕೆ ಕೈ ಊರಿ ಉಸಿರು ಎಳೆದುಕೊಳ್ಳುವುದು, ಮತ್ತೆ ಊದುವುದು. ನಾನು ಕೊಳವೆ ಕಿತ್ತುಕೊಳ್ಳಲು ಹೋದರೆ ಕೊಡಲಿಲ್ಲ.

"ದಿನಾ ಹೀಗೇನಾ ತಾಯಿ?" ಅಂತ ಕೇಳಿದರು ಅಧಿಕಾರಿ.

"ಇವತ್ತು... ಒಣಸೌದೆ... ಸ್ವಾಮಿ," ಅಂದಳು. ಸ್ವಲ್ಪ ತಡೆದು, ಉಸಿರು ಸಿಕ್ಕಿದ ಮೇಲೆ, "ಮಳೆಗಾಲದಲ್ಲಿ... ಬನ್ನಿ," ಅಂದಳು.

ಅವರು ಕಣ್ಣು ಒರೆಸಿಕೊಂಡು ಎದ್ದರು. ಕಾಫಿಯನ್ನು ಹೊರಗೆ ಜಗುಲಿಯಲ್ಲಿ ಕೂತು, ಲೋಟದ ತಳ ಕಾಣುವವರೆಗೆ ಕುಡಿದರು. ಅಷ್ಟರಲ್ಲಿ ಇಂಜಿನಿಯರು ಗುಂಡಿ ಹತ್ತಿರ ಹೋಗಿ ಮೂಸಿ, "ಇದಕ್ಕೆ ಏನು ಹಾಕಿದ್ರಿ?" ಅಂತ ಕೇಳಿದರು. ಗೆಳೆಯ ದಲ್ಲಾಳಿ ಕಥೆಯನ್ನು ಸಣ್ಣ ದನಿಯಲ್ಲಿ ಹೇಳಿದ. ಅವರಿಗೆ ನಗು ತಡೆಯಲಾಗಲಿಲ್ಲ. ಹುಳಿ ಹೆಚ್ಚಾಗಿ ಗುಂಡಿಗೆ ಅಜೀರ್ಣವಾಗಿದೆ, ಗ್ಯಾಸು ಬಂದರೂ ಉರಿಯುವ ಗ್ಯಾಸು ಅಲ್ಲ, ಸುಣ್ಣದ ನೀರು ಹಾಕಿ ಕೆಲವು ವಾರ ಸುಮ್ಮನೆ ಬಿಡಿ, ಆಮೇಲೆ ಚೆನ್ನಾಗಿ ನಡೆಯುವ ಗುಂಡಿಯ ಬಗ್ಗಡ ತಂದು ಸುರಿಯಿರಿ, ಸಗಣಿ ಸ್ವಲ್ಪಸ್ವಲ್ಪವೇ ಕೊಡಿ ಅಂದರು. ಇನ್ನು ಮುಂದೆ ದನವನ್ನು ಬಿಟ್ಟು ವ್ಯಾಪಾರ ಮಾಡಬೇಡಿ ಅಂತಲೂ ಅಂದರು.

ಜೀಪು ಹೋಯಿತು. ಗೆಳೆಯ ತೋರಣ ಬಿಚ್ಚಿ ಕೈಯಲ್ಲಿ ಹಿಡಿದು, "ಎಲ್ಲಾ ಮುಗೀತು ಕಣ್ಲಾ, ನನ್ನ ಬಾಯಿಗಿಷ್ಟು ಮಣ್ಣು ಹಾಕ" ಅಂತ ಅತ್ತೇಬಿಟ್ಟ. ಅಂಥ ಆಳು ಅಳುವುದನ್ನು ನಾನು ಅವತ್ತೇ ನೋಡಿದ್ದು. ನನಗೆ ರೂಲ್ಸಿನ ಚಿಂತೆ ಇರಲಿಲ್ಲ. ಮಳೆ ಬರೋಕೆ ಎಷ್ಟು ದಿನ ಉಳಿದಿದೆ ಅನ್ನುವುದೊಂದೇ ತಲೆಯಲ್ಲಿತ್ತು.

ಇಂಜಿನಿಯರು ಹೇಳಿದ ಹಾಗೇ ಮಾಡಿದೆವು. ಗಾವಡಗೆರೆಯ ರೈತರ ಮನೆಯಿಂದ ಡಬ್ಬಗಳಲ್ಲಿ ಬಗ್ಗಡ ತಂದು ಸುರಿದೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿಬಂದದ್ದಕ್ಕಿಂತ ಹೆಚ್ಚು ಸಲ ಆ ಊರಿಗೆ ಹೋಗಿಬಂದಿರಬೇಕು. ಡ್ರಮ್ಮು ಪೂರಾ ಇಳಿಯಿತು, ಬಹಳ ದಿನ ಹಾಗೇ ಬಿದ್ದಿತ್ತು. ಆಮೇಲೆ ಮೆಲ್ಲಗೆ ಎದ್ದಿತು. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಹಾಲು, ಕಾಫಿ, ಸಾರು ಎಲ್ಲ ನೀಲಿ ಉರಿಯ ಮೇಲೆ ಆಗತೊಡಗಿದವು. ಮುದ್ದೆಗೆ, ಇಡ್ಲಿಗೆ ಮಾತ್ರ ಸೌದೆ ಒಲೆ, ಅದನ್ನು ಹಿತ್ತಲ ಚಪ್ಪರಕ್ಕೆ ಹಾಕಿಸಿ ಅಡುಗೆಯವನಿಗೆ ಒಪ್ಪಿಸಿದೆ. ಅಡುಗೆಮನೆಗೆ ಸುಣ್ಣ ಹೊಡೆಸಿದೆವು. ಅವಳು ದಿನಾ ಬೆಳಿಗ್ಗೆ ಗೋಡೆಗೆ ಬೆರಳು ಒತ್ತಿ, ಬೆರಳು ನೋಡಿಕೊಳ್ಳುತ್ತಿದ್ದಳು.

ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ಗೆಳೆಯ ಬಸ್ಸಿನಿಂದ ಇಳಿಯುವ ಮುಂಚೆಯೇ ಕೂಗಿಕೊಂಡು ಬಂದ. ರೂಲ್ಸು ಬದಲಾಗಿತ್ತು. ಜಮೀನು ಇಲ್ಲದಿದ್ದರೂ, ಸಗಣಿಗೆ ಏರ್ಪಾಡು ಇರುವ ಊಟದ ಹೋಟೆಲು, ಮಕ್ಕಳ ಹಾಸ್ಟೆಲು ಯಾವುದಕ್ಕಾದರೂ ಗುಂಡಿಗೆ ಸಹಾಯ ಸಿಗುತ್ತದಂತೆ. ಆ ಅಧಿಕಾರಿ ಬರೆಯುವಾಗ ನಮ್ಮ ಡ್ರಮ್ಮಿನ ಮಾತು ಎತ್ತಲೇ ಇಲ್ಲವಂತೆ, ಆ ಹೊಗೆಯಲ್ಲಿ ತಾವು ಅಡುಗೆಮನೆಯಲ್ಲಿ ಕೂತಿದ್ದನ್ನು ಮಾತ್ರ ಬರೆದರಂತೆ. ಆಮೇಲಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಕೆ.ಆರ್. ನಗರದಲ್ಲಿ ಗುಂಡಿಗಳಾದವು. ಕೆಲವು ಡ್ರಮ್ಮು ತುಕ್ಕು ಹಿಡಿದು ಕೂತವು, ಕೆಲವು ಬಹಳ ಕಾಲ ಉರಿದವು. ಪಿರಿಯಾಪಟ್ಟಣದಲ್ಲಿ ಗೆಳೆಯನ ತಾಯಿ ಸಾಯುವವರೆಗೆ ನೀಲಿ ಒಲೆಯಲ್ಲೇ ಕಾಫಿ ಕಾಯಿಸಿಕೊಂಡು ಕುಡಿದರು.

ಆವತ್ತು ಮಾತ್ರ ನಮಗೆ ನೆಲ ಕಾಣುತ್ತಿರಲಿಲ್ಲ. ಹಿತ್ತಲಲ್ಲಿ ನಿಂತು ಇಬ್ಬರೂ ಭುಜ ಭುಜ ತಟ್ಟಿಕೊಂಡೆವು. ಅಲ್ಲೇ ಕಲಗಚ್ಚಿನ ಬಕೆಟ್ ಇತ್ತು. "ಇನ್ನೊಂದ್ಸಲ ದಲ್ಲಾಳಿ ತಪ್ಪಿಸಾನೇನ್ಲಾ?" ಅಂದ ಗೆಳೆಯ. ನಾನೂ ತಮಾಷೆಗೆ ಬಕೆಟ್ ಎತ್ತಿ ಗುಂಡಿ ಕಡೆ ಬಗ್ಗಿಸಿದ ಹಾಗೆ ಮಾಡಿದೆ.

ಅಡುಗೆಮನೆ ಬಾಗಿಲಿಗೆ ಅವಳು ಬಂದಳು. "ಮುಟ್ಟಿದ್ರೆ ನೋಡಿ, ಕೈಯಿಟ್ರೆ ಸೀಳ್ಬಿಡ್ತೀನಿ, ಒಂದ್ಸಲ ಅದರ ಹೊಟ್ಟೆ ಕೆಡಿಸಿ ನಾಕು ಜನದ ಮುಂದೆ ಮಾನ ಕಳೆದಿದ್ದು ಸಾಲ್ದಾ, ಈ ದಡಿಯನ ಮಾತು ಕಟ್ಕೊಂಡು ಕುಣಿಯೋಕೆ ನಾಚ್ಕೆ ಆಗಲ್ವಾ, ನೀವು ತರೋ ಕಾಯಿ ಎಳಸು, ತರೋ ಬೆಲ್ಲ ಮರಳು, ಬುದ್ಧಿನೂ ಅಂಗೇ, ನಿಮ್ಮಪ್ಪ ಅವತ್ತು ಹರಕಲು ಚಪ್ಪಲೀಲಿ ಬಂದಾಗ್ಲೇ ನಮ್ಮವ್ವ ಅಂದಿದ್ಲು..."

ನಿಲ್ಲಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಚಪ್ಪಲಿಯನ್ನು ದಾಟಿ, ನಮ್ಮ ಮದುವೆಯ ಊಟದಲ್ಲಿ ಉಪ್ಪು ಹೆಚ್ಚಾಗಿದ್ದವರೆಗೆ ಹೋದಳು. ಒಳಗೆ ಊಟ ಮಾಡುತ್ತಿದ್ದ ಕಂಡಕ್ಟರು ಎಂಜಲು ಕೈಯಲ್ಲೇ ಬಂದು ಕಿಟಕಿ ಹತ್ತಿರ ನಿಂತಿದ್ದ. ಗೆಳೆಯ ಬಾಯಿ ತೆರೆದುಕೊಂಡು ನನ್ನ ಮುಖ ನೋಡುತ್ತಿದ್ದ. ನಾನು ಮಳೆಯಲ್ಲಿ ಬಕೆಟ್ ಹಿಡಿದುಕೊಂಡೇ ನಿಂತಿದ್ದೆ.

ಕೊನೆಗೆ ಅವಳೇ ನಿಲ್ಲಿಸಿದಳು. "ಯಾಕ್ರೀ ಅಳ್ತಾ ಇದ್ದೀರಿ?" ಅಂದಳು.

"ಮಳೆ ಕಣೇ," ಅಂದೆ. "ಇನ್ನೊಂದ್ಸಲ ಬೈಯೇ."

ಬೈದಳು.